ಲಿನಕ್ಸ್ ವರ್ಚುವಲ್ ಸರ್ವರ್‌ನಲ್ಲಿ ವೆಬ್ ಅಪ್ಲಿಕೇಶನ್ ಸ್ಥಾಪನೆ ಮತ್ತು ನಿರ್ವಹಣೆ

ಲಿನಕ್ಸ್ ವರ್ಚುವಲ್ ಸರ್ವರ್‌ನಲ್ಲಿ ವೆಬ್ ಅಪ್ಲಿಕೇಶನ್ ಸ್ಥಾಪನೆ ಎಂದರೆ, ರಚನಾಕಾರರ ಸ್ವಂತ ಗಣಕಯಂತ್ರದಲ್ಲಿ ಮಾತ್ರ ಓಡುತ್ತಿದ್ದ ತಂತ್ರಾಂಶವೊಂದನ್ನು ದತ್ತಾಂಶ ಕೇಂದ್ರದಲ್ಲಿ ಬಾಡಿಗೆಗೆ ಪಡೆದ ಲಿನಕ್ಸ್ ಯಂತ್ರಕ್ಕೆ ವರ್ಗಾಯಿಸಿ, ಅಂತರಜಾಲದ ಮೂಲಕ ಸಾರ್ವಜನಿಕರು ಹಗಲಿರುಳು ಬಳಸುವಂತೆ ಅಣಿಗೊಳಿಸುವುದು. ಹಾಗೆ ಅಣಿಗೊಳಿಸಿದ್ದನ್ನು ಕೆಡದಂತೆ ಕಾಪಾಡುವುದು, ಕೆಟ್ಟರೆ ಮರಳಿ ಎಬ್ಬಿಸಿ ನಿಲ್ಲಿಸುವುದು ನಿರ್ವಹಣೆ. ಅಭ್ಯಾಸವಿದ್ದವರು ಸ್ಥಾಪನೆಯನ್ನು ಒಂದು ದಿನದಲ್ಲಿ ಮುಗಿಸಬಲ್ಲರು. ನಿರ್ವಹಣೆಯಾದರೋ ಆ ಅಪ್ಲಿಕೇಶನ್ ಬದುಕಿರುವಷ್ಟು ಕಾಲವೂ ನಡೆಯಬೇಕಾದ ಕೆಲಸ. ಬಳಕೆದಾರರು ನಂಬಿ ಒಪ್ಪಿಸಿದ ಮಾಹಿತಿ ಉಳಿಯುವುದೂ ಕಳೆಯುವುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ವಿವರಣೆಯ ಅನುಕೂಲಕ್ಕಾಗಿ ಈ ಲೇಖನದಲ್ಲಿ ಒಂದು ಊರಿನ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಅದು ಪೈಥಾನ್ ಭಾಷೆಯ ಜ್ಯಾಂಗೊ ಚೌಕಟ್ಟಿನಲ್ಲಿ ಬರೆದ ಅಪ್ಲಿಕೇಶನ್, ಅದರ ದತ್ತಸಂಚಯ ಪೋಸ್ಟ್‌ಗ್ರೆಸ್‌ಕ್ಯೂಎಲ್, ಯಂತ್ರದ ಕಾರ್ಯಾಚರಣಾ ವ್ಯವಸ್ಥೆ ಉಬುಂಟು ಎಂದು ಭಾವಿಸೋಣ. ಪಿಎಚ್‌ಪಿ, ರೂಬಿ, ನೋಡ್ ಮೊದಲಾದವುಗಳನ್ನು ಬಳಸುವವರಿಗೆ ಹೆಸರುಗಳು ಬದಲಾಗುತ್ತವೆಯೇ ಹೊರತು ತತ್ತ್ವಗಳು ಹೆಚ್ಚು ಬದಲಾಗುವುದಿಲ್ಲ.

ವರ್ಚುವಲ್ ಸರ್ವರ್‌ನ ಸ್ವರೂಪ

ಒಂದೇ ಭೌತಿಕ ಯಂತ್ರವನ್ನು ತಂತ್ರಾಂಶದ ಬಲದಿಂದ ಅನೇಕ ಸ್ವತಂತ್ರ ಯಂತ್ರಗಳಂತೆ ವಿಭಾಗಿಸುವುದಕ್ಕೆ ವರ್ಚುವಲೀಕರಣ ಎನ್ನುತ್ತಾರೆ. ಈ ಕಲ್ಪನೆ ಹೊಸದಲ್ಲ. 1960ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯ ದೊಡ್ಡ ಗಣಕಗಳಲ್ಲಿ ಇದರ ಪ್ರಯೋಗ ನಡೆದಿತ್ತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಜೆನ್ 2003ರಲ್ಲಿ ಹೊರಬಂದಿತು. 2007ರಲ್ಲಿ ಕೆವಿಎಂ ಎಂಬ ಘಟಕವು ಲಿನಕ್ಸ್ ಕರ್ನೆಲ್‌ನಲ್ಲಿಯೇ ಸೇರಿಕೊಂಡ ಮೇಲೆ ಸಾಮಾನ್ಯ ಯಂತ್ರಾಂಶದ ಮೇಲೂ ಇಂತಹ ವಿಭಜನೆ ಸುಲಭವಾಯಿತು. ಇಂದು ತಿಂಗಳಿಗೆ ಕೆಲವು ನೂರು ರೂಪಾಯಿಗಳ ಬಾಡಿಗೆಗೆ ಸಣ್ಣ ವರ್ಚುವಲ್ ಸರ್ವರ್ ದೊರೆಯುತ್ತದೆ.

ಬಾಡಿಗೆದಾರನಿಗೆ ಸಿಗುವುದು ಸಂಸ್ಕಾರಕದ ಒಂದು ಪಾಲು, ನಿಗದಿತ ಸ್ಮೃತಿ, ಡಿಸ್ಕ್‌ನ ಜಾಗ, ಒಂದು ಐಪಿ ವಿಳಾಸ ಮತ್ತು ಇಡೀ ವ್ಯವಸ್ಥೆಯ ಮೇಲೆ ಪೂರ್ಣಾಧಿಕಾರವುಳ್ಳ ‘ರೂಟ್’ ಖಾತೆ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಕಂಪನಿಯೇ ನೋಡಿಕೊಳ್ಳುತ್ತಿದ್ದ ಭದ್ರತೆ, ನವೀಕರಣ, ಪ್ರತಿ ತೆಗೆದಿಡುವಿಕೆ ಇವೆಲ್ಲ ಇಲ್ಲಿ ಬಾಡಿಗೆದಾರನ ಹೊಣೆ. ಹಾಸ್ಟೆಲಿನ ಕೋಣೆ ಬಿಟ್ಟು ಸ್ವಂತ ಮನೆ ಹಿಡಿದವನಂತೆ, ನಲ್ಲಿ ಸೋರಿದರೂ ಅವನೇ ನೋಡಿಕೊಳ್ಳಬೇಕು.

ಕೋರಿಕೆಯೊಂದು ಸಾಗುವ ದಾರಿ

ಓದುಗನೊಬ್ಬ ತನ್ನ ಮೊಬೈಲಿನಲ್ಲಿ ಗ್ರಂಥಾಲಯದ ವಿಳಾಸವನ್ನು ಟೈಪಿಸಿದಾಗ ಮೊದಲು ಡಿಎನ್‌ಎಸ್ ವ್ಯವಸ್ಥೆಯು ಆ ಹೆಸರನ್ನು ಐಪಿ ವಿಳಾಸವಾಗಿ ಬದಲಿಸಿಕೊಡುತ್ತದೆ. ಕೋರಿಕೆಯು ಸರ್ವರ್‌ನ 443ನೆಯ ಪೋರ್ಟ್ ಅನ್ನು ತಲುಪುತ್ತದೆ. ಅಲ್ಲಿ ಅದನ್ನು ಎದುರುಗೊಳ್ಳುವುದು ಎಂಜಿನ್‌ಎಕ್ಸ್. ರಷ್ಯಾದ ಇಗೋರ್ ಸಿಸೋಯೆವ್ ಬರೆದು 2004ರಲ್ಲಿ ಸಾರ್ವಜನಿಕಗೊಳಿಸಿದ ಈ ತಂತ್ರಾಂಶ, ಏಕಕಾಲಕ್ಕೆ ಸಾವಿರಾರು ಸಂಪರ್ಕಗಳನ್ನು ಕಡಿಮೆ ಸ್ಮೃತಿಯಲ್ಲಿ ನಿಭಾಯಿಸುತ್ತದೆ. ಚಿತ್ರ, ಶೈಲಿ ಮೊದಲಾದ ಸ್ಥಿರ ಕಡತಗಳನ್ನು ಅದು ತಾನೇ ಕೊಟ್ಟು ಕಳುಹಿಸುತ್ತದೆ. ಉಳಿದವನ್ನು ಗುನಿಕಾರ್ನ್ ಎಂಬ ಮಧ್ಯವರ್ತಿಗೆ ಒಪ್ಪಿಸುತ್ತದೆ. ಗುನಿಕಾರ್ನ್ ತನ್ನ ಕೆಲಸಗಾರ ಪ್ರಕ್ರಿಯೆಗಳಲ್ಲೊಂದರಲ್ಲಿ ಜ್ಯಾಂಗೊ ಅಪ್ಲಿಕೇಶನ್ ಅನ್ನು ನಡೆಸಿ, ಅದು ದತ್ತಸಂಚಯದಿಂದ ತಂದು ಕಟ್ಟಿದ ಪುಟವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಕಳುಹಿಸುತ್ತದೆ.

ಈ ದಾರಿಯನ್ನು ಕಂಠಪಾಠ ಮಾಡಿಕೊಂಡವರಿಗೆ ದೋಷಪತ್ತೆ ಅರ್ಧ ಮುಗಿದಂತೆ. ಪರದೆಯ ಮೇಲೆ 502 ಎಂಬ ಸಂಖ್ಯೆ ಕಂಡರೆ ಎಂಜಿನ್‌ಎಕ್ಸ್ ಜೀವಂತವಾಗಿದೆ, ಅದರ ಹಿಂದಿನ ಗುನಿಕಾರ್ನ್‌ನಿಂದ ಸರಿಯಾದ ಉತ್ತರ ಬಂದಿಲ್ಲ ಎಂದರ್ಥ. 504 ಕಂಡರೆ ಹಿಂದಿನವನು ಉತ್ತರಿಸಲು ಅತಿಯಾಗಿ ತಡಮಾಡಿದ್ದಾನೆ. 500 ಬಂದರೆ ದೋಷ ಸಾಮಾನ್ಯವಾಗಿ ಅಪ್ಲಿಕೇಶನ್‌ನ ಒಳಗೇ ಇರುತ್ತದೆ. ಯಾವ ಸಂಖ್ಯೆಯೂ ಬಾರದೆ ಸಂಪರ್ಕವೇ ಸಿಗದಿದ್ದರೆ ಡಿಎನ್‌ಎಸ್, ಅಗ್ನಿಗೋಡೆ ಅಥವಾ ಯಂತ್ರವನ್ನೇ ಪರೀಕ್ಷಿಸಬೇಕು.

ಮೊದಲ ಪ್ರವೇಶ ಮತ್ತು ಭದ್ರತೆ

ಸರ್ವರ್‌ನೊಳಗೆ ಹೋಗುವ ಬಾಗಿಲು ಎಸ್‌ಎಸ್‌ಎಚ್. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳನ್ನು ಕದ್ದಾಲಿಸಿದ ಪ್ರಕರಣವೊಂದರ ಬಳಿಕ ತಾತು ಉಲೋನೆನ್ 1995ರಲ್ಲಿ ಇದನ್ನು ರಚಿಸಿದರು. ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಓಪನ್‌ಬಿಎಸ್‌ಡಿ ಬಳಗದವರು 1999ರಿಂದ ಬೆಳೆಸಿದ ಓಪನ್‌ಎಸ್‌ಎಸ್‌ಎಚ್.

ಹೊಸ ಸರ್ವರ್‌ಗೆ ಸಾರ್ವಜನಿಕ ವಿಳಾಸ ದೊರೆತ ಕೆಲವೇ ನಿಮಿಷಗಳಲ್ಲಿ ಅಪರಿಚಿತ ಯಂತ್ರಗಳು 22ನೆಯ ಪೋರ್ಟ್‌ಗೆ ಬಂದು ಗುಪ್ತಪದಗಳನ್ನು ಊಹಿಸತೊಡಗುವುದನ್ನು ದಾಖಲೆಗಳಲ್ಲಿ ಕಾಣಬಹುದು. ಹೊಸಬರು ಇದನ್ನು ಕಂಡು ಗಾಬರಿಯಾಗುವುದುಂಟು. ಅವು ಇಡೀ ಅಂತರಜಾಲವನ್ನು ಜಾಲಾಡುವ ಸ್ವಯಂಚಾಲಿತ ಕಾರ್ಯಕ್ರಮಗಳು. ನಿರ್ದಿಷ್ಟವಾಗಿ ಯಾರ ಮೇಲೂ ಅವುಗಳಿಗೆ ಹಗೆಯಿಲ್ಲ. ಗುಪ್ತಪದದ ಪ್ರವೇಶವನ್ನೇ ನಿಷೇಧಿಸಿ ಕೀಲಿಜೋಡಿಯಿಂದ ಮಾತ್ರ ಒಳಬಿಟ್ಟರೆ ಈ ಊಹೆಗಳೆಲ್ಲ ನಿಷ್ಫಲ. ಕೀಲಿಜೋಡಿಯಲ್ಲಿ ಸಾರ್ವಜನಿಕ ಭಾಗವನ್ನು ಸರ್ವರ್‌ನಲ್ಲಿಡಬೇಕು; ಖಾಸಗಿ ಭಾಗವು ಸ್ವಂತ ಯಂತ್ರವನ್ನು ಬಿಟ್ಟು ಹೊರಗೆ ಹೋಗಬಾರದು. ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಬಳಕೆದಾರನ ಖಾತೆಯನ್ನು ತೆರೆದು, ಅಗತ್ಯವಿದ್ದಾಗ ಮಾತ್ರ ‘ಸುಡೊ’ ಆದೇಶದ ಮೂಲಕ ಮೇಲಧಿಕಾರ ಪಡೆಯುವುದು ರೂಢಿ.

ಅಗ್ನಿಗೋಡೆಯಲ್ಲಿ ತೆರೆದಿರಬೇಕಾದುವು 22, 80 ಮತ್ತು 443 ಮಾತ್ರ. ಪೋಸ್ಟ್‌ಗ್ರೆಸ್‌ನ 5432 ಹೊರಜಗತ್ತಿಗೆ ಕಾಣಿಸಬಾರದು. ಇಲ್ಲಿ ಕ್ರಮ ಮುಖ್ಯ: 22ಕ್ಕೆ ಅನುಮತಿ ಕೊಡುವ ಮೊದಲೇ ಅಗ್ನಿಗೋಡೆಯನ್ನು ಚಾಲನೆ ಮಾಡಿದವರು ಹೊಸ ಸಂಪರ್ಕಕ್ಕೆ ತಮ್ಮ ಮನೆಗೆ ತಾವೇ ಹೊರಗಿನಿಂದ ಬೀಗ ಜಡಿದುಕೊಂಡಂತಾಗುತ್ತದೆ. ಎಸ್‌ಎಸ್‌ಎಚ್‌ನ ಹೊಂದಾಣಿಕೆಯನ್ನು ಬದಲಿಸುವಾಗ ಈಗಿನ ಸಂಪರ್ಕವನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಪ್ರವೇಶಿಸಿ ಪರೀಕ್ಷಿಸಿದ ಮೇಲೆಯೇ ಹಳೆಯದನ್ನು ಬಿಡಬೇಕು. ಡಾಕರ್ ಬಳಸುವವರಿಗೆ ಒಂದು ಎಚ್ಚರಿಕೆ: ಅದು ಪ್ರಕಟಿಸುವ ಪೋರ್ಟ್‌ಗಳು ಉಬುಂಟುವಿನ ಯುಎಫ್‌ಡಬ್ಲ್ಯು ಅಗ್ನಿಗೋಡೆಯ ನಿಯಮಗಳನ್ನು ದಾಟಿ ಹೊರಗೆ ತೆರೆದುಕೊಳ್ಳುತ್ತವೆ.

ಅಪ್ಲಿಕೇಶನ್‌ನ ಸ್ಥಾಪನೆ

ಮೂಲಸಂಕೇತವನ್ನು ಗಿಟ್ ಮೂಲಕ ಸರ್ವರ್‌ಗೆ ತರುವುದು ಉತ್ತಮ. ಹಾಗೆ ಮಾಡಿದರೆ ಯಾವ ಆವೃತ್ತಿ ಓಡುತ್ತಿದೆ ಎಂಬುದು ನಿಖರವಾಗಿ ತಿಳಿಯುತ್ತದೆ, ಹಿಂದಿನದಕ್ಕೆ ಮರಳುವುದೂ ಸುಲಭ. ಪೈಥಾನ್‌ನ ಗ್ರಂಥಾಲಯಗಳನ್ನು ವ್ಯವಸ್ಥೆಯ ಪೈಥಾನ್‌ನೊಂದಿಗೆ ಬೆರೆಸದೆ ಪ್ರತ್ಯೇಕ ಪರಿಸರದಲ್ಲಿ, ಆವೃತ್ತಿ ಸಂಖ್ಯೆಗಳನ್ನು ನಮೂದಿಸಿ ಸ್ಥಾಪಿಸಬೇಕು. ದತ್ತಸಂಚಯದ ಗುಪ್ತಪದ, ಜ್ಯಾಂಗೊವಿನ ರಹಸ್ಯ ಕೀಲಿ ಇವುಗಳನ್ನು ಗಿಟ್‌ನಲ್ಲಿ ಸೇರಿಸಬಾರದು. ಒಮ್ಮೆ ಸೇರಿದ ರಹಸ್ಯ ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತದೆ; ಅದನ್ನು ಬದಲಿಸುವುದೊಂದೇ ದಾರಿ.

ಜ್ಯಾಂಗೊವಿನ ಜೊತೆಗೇ ಬರುವ ಪುಟ್ಟ ಸರ್ವರ್ ಅಭ್ಯಾಸಕ್ಕಾಗಿ ಇರುವಂಥದು. ಸಾರ್ವಜನಿಕ ಬಳಕೆಗೆ ಅದನ್ನು ಬಳಸಬಾರದೆಂದು ಅದರ ಅಧಿಕೃತ ಕೈಪಿಡಿಯೇ ಹೇಳುತ್ತದೆ. ದೋಷ ತೋರಿಸುವ ‘ಡೀಬಗ್’ ಸ್ಥಿತಿಯನ್ನೂ ಆರಿಸಬೇಕು. ಇಲ್ಲವಾದರೆ ಸಣ್ಣ ತಪ್ಪೊಂದು ನಡೆದಾಗ ಒಳಗಿನ ಹೊಂದಾಣಿಕೆಗಳು, ಮೂಲಸಂಕೇತದ ಸಾಲುಗಳು ನೋಡುಗನ ಪರದೆಯ ಮೇಲೆಯೇ ಬಂದುಬಿಡುತ್ತವೆ.

ಗುನಿಕಾರ್ನ್ ಅನ್ನು ಕೈಯಿಂದ ಚಾಲನೆ ಮಾಡಿ ಬಿಟ್ಟರೆ ಎಸ್‌ಎಸ್‌ಎಚ್ ಸಂಪರ್ಕ ಕಡಿದಾಗಲೋ ಯಂತ್ರ ಮರುಚಾಲನೆಗೊಂಡಾಗಲೋ ಅದು ನಿಂತುಹೋಗುತ್ತದೆ. ಆದ್ದರಿಂದ ಅದನ್ನು ಸಿಸ್ಟಂಡಿಯ ವಶಕ್ಕೆ ಕೊಡುತ್ತಾರೆ. 2010ರಲ್ಲಿ ಆರಂಭವಾದ ಸಿಸ್ಟಂಡಿಯ ಬಗ್ಗೆ ಲಿನಕ್ಸ್ ಬಳಗದಲ್ಲಿ ದೊಡ್ಡ ವಾದವಿವಾದಗಳೇ ನಡೆದಿವೆ. ಆದರೂ ಇಂದು ಡೆಬಿಯನ್, ಉಬುಂಟು ಮೊದಲಾದವುಗಳಲ್ಲಿ ಅದೇ ಪೂರ್ವನಿಯೋಜಿತ ವ್ಯವಸ್ಥೆ. ಹತ್ತು ಹನ್ನೆರಡು ಸಾಲುಗಳ ಕಡತವೊಂದರಲ್ಲಿ ಯಾವ ಬಳಕೆದಾರನ ಹೆಸರಿನಲ್ಲಿ, ಯಾವ ಕೋಶದಿಂದ, ಯಾವ ಆದೇಶ ಓಡಬೇಕು, ಬಿದ್ದರೆ ಮತ್ತೆ ಏಳಬೇಕೇ ಎಂಬುದನ್ನು ಬರೆದರೆ ಉಳಿದುದನ್ನು ಅದು ನೋಡಿಕೊಳ್ಳುತ್ತದೆ. ಕೆಲಸಗಾರ ಪ್ರಕ್ರಿಯೆಗಳ ಸಂಖ್ಯೆ ಸಂಸ್ಕಾರಕಗಳ ಎರಡರಷ್ಟಕ್ಕೆ ಒಂದು ಸೇರಿಸಿದಷ್ಟಿರಲಿ ಎಂಬುದು ಗುನಿಕಾರ್ನ್ ಕೈಪಿಡಿಯ ಸಲಹೆ. ಒಂದು ಸಂಸ್ಕಾರಕದ ಸಣ್ಣ ಸರ್ವರ್‌ಗೆ ಮೂರು ಸಾಕು.

ಎಚ್‌ಟಿಟಿಪಿಎಸ್ ಪ್ರಮಾಣಪತ್ರ

ಬಳಕೆದಾರನ ಗುಪ್ತಪದ ದಾರಿಯಲ್ಲಿ ಯಾರ ಕಣ್ಣಿಗೂ ಬೀಳದಿರಲು ಗೂಢಲಿಪೀಕರಣ ಬೇಕು. ಅದಕ್ಕೆ ಪ್ರಮಾಣಪತ್ರ ಬೇಕು. ಹಿಂದೆ ಇದನ್ನು ಹಣಕೊಟ್ಟು ಪಡೆಯುವುದೇ ವಾಡಿಕೆಯಾಗಿತ್ತು. 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿ, ಸ್ವಯಂಚಾಲಿತವಾಗಿ ಕೊಡಲಾರಂಭಿಸಿತು. ಅದು ಆರಂಭದಿಂದ ಕೊಡುತ್ತ ಬಂದ ಪ್ರಮಾಣಪತ್ರದ ಅವಧಿ 90 ದಿನ. ಸರ್ಟ್‌ಬಾಟ್ ಎಂಬ ತಂತ್ರಾಂಶ ಅವಧಿ ಮುಗಿಯುವ ಮುನ್ನವೇ ನವೀಕರಿಸುತ್ತದೆ. ಆದರೆ ಯಾರೋ 80ನೆಯ ಪೋರ್ಟ್ ಅನ್ನು ಮುಚ್ಚಿದ್ದರೆ ಆ ಮೂಲಕ ನಡೆಯುವ ಪರಿಶೀಲನೆ ಸೋತು, ನವೀಕರಣ ಸದ್ದಿಲ್ಲದೆ ನಿಲ್ಲುತ್ತದೆ. ಅವಧಿ ಮುಗಿಯುತ್ತಿದೆ ಎಂದು ಮಿಂಚಂಚೆ ಕಳುಹಿಸುವ ಪದ್ಧತಿಯನ್ನು ಆ ಸಂಸ್ಥೆ 2025ರ ಜೂನ್‌ನಲ್ಲಿ ಕೈಬಿಟ್ಟಿದೆ. ಹೀಗಾಗಿ ದಿನಾಂಕದ ಮೇಲೆ ಕಣ್ಣಿಡುವ ಏರ್ಪಾಡನ್ನು ಸರ್ವರ್‌ನ ಹೊಣೆಗಾರರೇ ಮಾಡಿಕೊಳ್ಳಬೇಕು.

ದಿನನಿತ್ಯದ ನಿರ್ವಹಣೆ

ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತವೆ. ಅವುಗಳಿಗೆ ಐದು ವರ್ಷಗಳ ಭದ್ರತಾ ನವೀಕರಣ ಸಾಮಾನ್ಯವಾಗಿ ದೊರೆಯುತ್ತದೆ. ಭದ್ರತಾ ನವೀಕರಣಗಳನ್ನು ಸ್ವಯಂಚಾಲಿತವಾಗಿ ಬಿಡುವುದೇ ಲೇಸು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ ಸರ್ವರ್‌ಗಳ ಸ್ಮೃತಿಯಲ್ಲಿದ್ದ ರಹಸ್ಯಗಳನ್ನು ದೂರದಿಂದಲೇ ಓದಬಹುದಿತ್ತು. ಅಂದು ನವೀಕರಿಸಲು ತಡಮಾಡಿದ ಒಂದೊಂದು ದಿನವೂ ಅಪಾಯದ ದಿನವಾಗಿತ್ತು. ಕರ್ನೆಲ್ ನವೀಕರಣಗೊಂಡ ಮೇಲೆ ಸಾಮಾನ್ಯವಾಗಿ ಯಂತ್ರವನ್ನು ಮರುಚಾಲನೆ ಮಾಡಿದರೆ ಮಾತ್ರ ಹೊಸದು ಜಾರಿಗೆ ಬರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ.

ಡಿಸ್ಕ್ ತುಂಬುವುದು ಅತಿ ಸಾಮಾನ್ಯವಾದ ಕಾಯಿಲೆ. ದಾಖಲೆ ಕಡತಗಳು, ಹಳೆಯ ಕರ್ನೆಲ್‌ಗಳು, ಎಂದೋ ತೆಗೆದ ಪ್ರತಿಗಳು ಜಾಗವನ್ನು ತಿನ್ನುತ್ತವೆ. ಜಾಗ ಮುಗಿದಾಗ ಪೋಸ್ಟ್‌ಗ್ರೆಸ್ ಬರೆಯಲಾರದೆ ನಿಲ್ಲುತ್ತದೆ. ಇಲ್ಲಿ ಹೊಸಬರನ್ನು ಕಾಡುವ ಒಗಟೊಂದಿದೆ: ದೊಡ್ಡ ದಾಖಲೆ ಕಡತವನ್ನು ಅಳಿಸಿದರೂ ಜಾಗ ಮರಳುವುದಿಲ್ಲ. ಯಾವುದಾದರೂ ಪ್ರಕ್ರಿಯೆ ಆ ಕಡತವನ್ನು ತೆರೆದು ಹಿಡಿದಿದ್ದರೆ ಹೆಸರು ಮಾತ್ರ ಅಳಿದಿರುತ್ತದೆ. ಆ ಪ್ರಕ್ರಿಯೆಯನ್ನು ಮರುಚಾಲನೆ ಮಾಡಿದ ಮೇಲೆಯೇ ಜಾಗ ಬಿಡುಗಡೆಯಾಗುತ್ತದೆ.

ಸ್ಮೃತಿ ಮುಗಿದಾಗ ಕರ್ನೆಲ್ ತಾನೇ ಯಾವುದಾದರೊಂದು ದೊಡ್ಡ ಪ್ರಕ್ರಿಯೆಯನ್ನು ಕೊಂದು ಉಳಿದವನ್ನು ಉಳಿಸುತ್ತದೆ. ಒಂದು ಗಿಗಾಬೈಟ್‌ನ ಸಣ್ಣ ಸರ್ವರ್‌ಗಳಲ್ಲಿ ಅಪ್ಲಿಕೇಶನ್ ಆಗಾಗ ಕಾರಣವಿಲ್ಲದೆ ಬಿದ್ದಂತೆ ಕಂಡರೆ ಕರ್ನೆಲ್‌ನ ದಾಖಲೆಯಲ್ಲಿ ಇದರ ಸುಳಿವು ಸಿಗುತ್ತದೆ. ದಾಖಲೆಗಳನ್ನು ಓದುವಾಗ ಸಮಯದ ಬಗ್ಗೆ ಗಮನವಿರಲಿ: ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ. ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ನಡುರಾತ್ರಿಯ ನಿಶ್ಶಬ್ದದಲ್ಲಿ ನಡೆಯಲೆಂದು 2 ಗಂಟೆಗೆ ಗೊತ್ತುಮಾಡಿದ ಕೆಲಸ ನಮ್ಮ ಬೆಳಗಿನ 7.30ಕ್ಕೆ ಶುರುವಾಗುತ್ತದೆ.

ಪ್ರತಿ ತೆಗೆದಿಡುವುದು ಮತ್ತು ಮರಳಿ ಪಡೆಯುವುದು

ತಂತ್ರಾಂಶ ಹಾಳಾದರೆ ಮತ್ತೆ ಸ್ಥಾಪಿಸಬಹುದು. ಹತ್ತು ವರ್ಷಗಳಿಂದ ಗ್ರಂಥಪಾಲಕರು ಒಂದೊಂದಾಗಿ ದಾಖಲಿಸಿದ ಪುಸ್ತಕಗಳ ವಿವರ ಹೋದರೆ ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಆದ್ದರಿಂದ ನಿರ್ವಹಣೆಯ ಅಂಗಗಳಲ್ಲಿ ಇದಕ್ಕೇ ಮೊದಲ ಸ್ಥಾನ ಸಲ್ಲಬೇಕು. ಆದರೆ ವಾಸ್ತವದಲ್ಲಿ ಕೊನೆಯ ಸ್ಥಾನ ಸಿಗುವುದೇ ಹೆಚ್ಚು.

ಈ ವಿಷಯದಲ್ಲಿ ಗಿಟ್‌ಲ್ಯಾಬ್ ಪ್ರಕರಣವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. 2017ರ ಜನವರಿ 31ರ ರಾತ್ರಿ, ಆ ಸಂಸ್ಥೆಯ ಎಂಜಿನಿಯರ್ ಒಬ್ಬರು ಎರಡನೆಯ ದತ್ತಸಂಚಯ ಸರ್ವರ್‌ನಲ್ಲಿ ಅಳಿಸುತ್ತಿದ್ದೇನೆಂದು ಭಾವಿಸಿ ಮುಖ್ಯ ಸರ್ವರ್‌ನ ದತ್ತಾಂಶ ಕೋಶವನ್ನೇ ಅಳಿಸಿದರು. ತಪ್ಪು ಅರಿವಾಗಿ ಕ್ಷಣದಲ್ಲೇ ನಿಲ್ಲಿಸಿದರೂ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ಸುಮಾರು 4.5 ಗಿಗಾಬೈಟ್. ಪ್ರತಿಗಳನ್ನು ಹುಡುಕಿದರೆ, ನಿತ್ಯವೂ ತೆಗೆಯುತ್ತಿದ್ದೇವೆ ಎಂದುಕೊಂಡಿದ್ದ ಪ್ರತಿಯೇ ಇರಲಿಲ್ಲ. ದತ್ತಸಂಚಯ 9.6ನೆಯ ಆವೃತ್ತಿಯದು, ಪ್ರತಿ ತೆಗೆಯುವ ಉಪಕರಣ 9.2ರದು, ಹೊಂದಿಕೆಯಾಗದೆ ಅದು ದಿನವೂ ಸೋಲುತ್ತಿತ್ತು. ಸೋತೆನೆಂದು ಅದು ಕಳುಹಿಸುತ್ತಿದ್ದ ಮಿಂಚಂಚೆಗಳು ಸರಿಯಾದ ಸಹಿಯಿಲ್ಲದ ಕಾರಣ ತಿರಸ್ಕೃತವಾಗುತ್ತಿದ್ದವು. ಡಿಸ್ಕ್‌ನ ಛಾಯಾಪ್ರತಿಯ ಸೌಲಭ್ಯವನ್ನು ದತ್ತಸಂಚಯದ ಯಂತ್ರಗಳಿಗೆ ಚಾಲನೆಯೇ ಮಾಡಿರಲಿಲ್ಲ. ಅದೃಷ್ಟಕ್ಕೆ, ಅದೇ ಎಂಜಿನಿಯರ್ ಬೇರೊಂದು ಪರೀಕ್ಷೆಗಾಗಿ ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಪ್ರತಿಯೊಂದು ದೊರೆಯಿತು. ಅಷ್ಟು ಅವಧಿಯ ಮಾಹಿತಿ ಮಾತ್ರ ಕಳೆದುಹೋಯಿತು. ಸಂಸ್ಥೆಯು ನಡೆದುದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿ, ಮರುಸ್ಥಾಪನೆಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ತಪ್ಪೆಸಗಿದವರನ್ನು ಗುರಿಮಾಡದೆ ವ್ಯವಸ್ಥೆಯ ದೋಷವನ್ನು ಹುಡುಕಿದ ಆ ವರದಿ ಇಂದಿಗೂ ಮಾದರಿಯಾಗಿದೆ.

ಇನ್ನೊಂದು ಬಗೆಯ ಅಪಾಯ 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಕಂಡಿತು. ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಕಟ್ಟಡವೊಂದು ಬೆಂಕಿಗೆ ಪೂರ್ತಿಯಾಗಿ ಆಹುತಿಯಾಯಿತು. ಪ್ರತಿಗಳನ್ನೂ ಅದೇ ನೆಲೆಯಲ್ಲಿ ಇಟ್ಟಿದ್ದ ಕೆಲವು ಗ್ರಾಹಕರಿಗೆ ಎರಡೂ ಇಲ್ಲವಾದವು. ‘ಕ್ಲೌಡ್’ ಎಂಬ ಹೆಸರು ಏನೇ ಇರಲಿ, ಸರ್ವರ್ ಇರುವುದು ನೆಲದ ಮೇಲಿನ ಒಂದು ಕಟ್ಟಡದಲ್ಲಿ.

ರೂಢಿಯಲ್ಲಿರುವ 3-2-1 ನಿಯಮದಂತೆ ಮಾಹಿತಿ ಮೂರು ಕಡೆ ಇರಬೇಕು, ಎರಡು ಬಗೆಯ ಮಾಧ್ಯಮದಲ್ಲಿರಬೇಕು, ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ಓಡುತ್ತಿರುವ ಪೋಸ್ಟ್‌ಗ್ರೆಸ್‌ನ ಕಡತಗಳನ್ನು ಸುಮ್ಮನೆ ನಕಲು ಮಾಡಿದರೆ ಆ ನಕಲು ಒಡೆದುಹೋಗಿರಬಹುದು. ಅದಕ್ಕೆಂದೇ ಇರುವ ‘ಪಿಜಿ ಡಂಪ್’ ಉಪಕರಣವನ್ನು ಬಳಸಬೇಕು. ಬಳಕೆದಾರರು ಏರಿಸಿದ ಚಿತ್ರಗಳು ದತ್ತಸಂಚಯದೊಳಗೆ ಇರುವುದಿಲ್ಲವಾದ್ದರಿಂದ ಅವುಗಳ ಕೋಶವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ರಹಸ್ಯ ಕೀಲಿಗಳ ಕಡತವೂ ಗಿಟ್‌ನಲ್ಲಿ ಇರದ ಕಾರಣ ಪ್ರತಿಯಲ್ಲಿ ಸೇರಬೇಕು. ಇದನ್ನು ಬಿಟ್ಟವರೇ ಹೆಚ್ಚು. ತಿಂಗಳಿಗೊಮ್ಮೆಯಾದರೂ ಇನ್ನೊಂದು ಖಾಲಿ ಸರ್ವರ್ ಪಡೆದು, ಪ್ರತಿಯನ್ನು ಅದರಲ್ಲಿ ಮರುಸ್ಥಾಪಿಸಿ, ಪುಸ್ತಕಗಳ ಒಟ್ಟು ಸಂಖ್ಯೆಯನ್ನೂ ಕೊನೆಯ ನಮೂದಿನ ದಿನಾಂಕವನ್ನೂ ತಾಳೆ ನೋಡಬೇಕು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವ ಸರ್ವರ್‌ಗಳಲ್ಲಿ ಈ ಪರೀಕ್ಷೆಗೆ ತಗಲುವ ಖರ್ಚು ಒಂದು ಕಾಫಿಯ ಬೆಲೆಯನ್ನೂ ಮೀರದು.

ಕನ್ನಡ ಪಠ್ಯದ ಕುರಿತು

ಯುನಿಕೋಡ್‌ನಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ಹಿಡಿಯುತ್ತದೆ. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರವಾದರೂ ಅದರಲ್ಲಿ ಐದು ಸಂಕೇತಗಳು, ಹದಿನೈದು ಬೈಟ್‌ಗಳು ಇವೆ. ಜಾಲವಿಳಾಸದಲ್ಲಿ ಶೇಕಡಾ ಚಿಹ್ನೆಯೊಡನೆ ಬರೆದಾಗ ಅದೇ ಪದ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಭಾಷಾ ಹೊಂದಾಣಿಕೆ ಸರಿಯಿಲ್ಲದ ವ್ಯವಸ್ಥೆಯಲ್ಲಿ ಪೋಸ್ಟ್‌ಗ್ರೆಸ್ ಅನ್ನು ಆರಂಭಿಸಿದರೆ ಅದು ಯುಟಿಎಫ್-8ರ ಬದಲು ಆಸ್ಕಿ ಸ್ಥಿತಿಯಲ್ಲಿ ರಚನೆಯಾಗಬಹುದು. ಆಗ ಒಡೆದ ಅಕ್ಷರಗಳೂ ತಡೆಯಿಲ್ಲದೆ ಒಳಸೇರುತ್ತವೆ.

ಅಕಾರಾದಿ ವಿಂಗಡಣೆ ಇನ್ನೂ ಸೂಕ್ಷ್ಮವಾದದ್ದು. ಯುನಿಕೋಡ್ ಸಂಕೇತಗಳ ಸಾಲಿನಲ್ಲಿ ‘ಳ’ ಅಕ್ಷರ ‘ವ’ ಅಕ್ಷರಕ್ಕಿಂತ ಮೊದಲು ಬರುತ್ತದೆ. ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಸಂಕೇತ ಸಂಖ್ಯೆಯಂತೆ ವಿಂಗಡಿಸಿದರೆ ‘ಬಳೆ’ ಮೊದಲು, ‘ಬಸವ’ ಅನಂತರ ಬರುತ್ತದೆ. ನಿಘಂಟಿನ ಕ್ರಮ ಇದಕ್ಕೆ ವಿರುದ್ಧ. ಪೋಸ್ಟ್‌ಗ್ರೆಸ್ 10ನೆಯ ಆವೃತ್ತಿಯಿಂದ ಐಸಿಯು ಗ್ರಂಥಾಲಯದ ಭಾಷಾವಾರು ಕ್ರಮಗಳನ್ನು ಆರಿಸಿಕೊಳ್ಳುವ ಅವಕಾಶವಿದೆ. ಯಾವುದನ್ನು ಆರಿಸಿದರೂ ಈ ಎರಡು ಪದಗಳನ್ನಿಟ್ಟು ಪರೀಕ್ಷಿಸಿದರೆ ಉತ್ತರ ತಿಳಿಯುತ್ತದೆ.

ವಿಂಗಡಣೆಯ ನಿಯಮಗಳು ಕಾರ್ಯಾಚರಣಾ ವ್ಯವಸ್ಥೆಯೊಡನೆ ಬದಲಾಗುವುದೂ ಉಂಟು. 2018ರಲ್ಲಿ ಬಂದ ಜಿಲಿಬ್‌ಸಿ 2.28 ಅನೇಕ ಭಾಷೆಗಳ ಕ್ರಮವನ್ನು ಬದಲಿಸಿತು. ಉಬುಂಟು 18.04ರಿಂದ 20.04ಕ್ಕೆ ಏರಿದವರಲ್ಲಿ, ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಗಳು ಹೊಸ ಕ್ರಮಕ್ಕೆ ಹೊಂದದೆ, ದತ್ತಸಂಚಯದಲ್ಲಿ ಇರುವ ನಮೂದೇ ಹುಡುಕಿದರೆ ಸಿಗದಂತಾಗುವ ಸಾಧ್ಯತೆಯಿತ್ತು. ಇಂತಹ ಏರಿಕೆಯ ಬಳಿಕ ಪಠ್ಯದ ಸೂಚಿಗಳನ್ನು ಹೊಸದಾಗಿ ಕಟ್ಟಬೇಕು.

ಭಾರತದಲ್ಲಿನ ನಿಯಮಗಳು

ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ವರ್ಚುವಲ್ ಸರ್ವರ್‌ಗಳಿಗೂ ಸಂಬಂಧಿಸಿದೆ. ಸರ್ವರ್ ಬಾಡಿಗೆಗೆ ಕೊಡುವ ಸಂಸ್ಥೆಗಳು ಗ್ರಾಹಕರ ಹೆಸರು, ವಿಳಾಸ ಮೊದಲಾದ ವಿವರಗಳನ್ನು ಐದು ವರ್ಷ ಉಳಿಸಿಕೊಳ್ಳಬೇಕು. ಸೇವಾದಾತರು, ದತ್ತಾಂಶ ಕೇಂದ್ರಗಳು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ನಿಗದಿತ ಬಗೆಯ ದಾಳಿಗಳು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್‌ನ ದಾಖಲೆಗಳು ಪೂರ್ವನಿಯೋಜಿತವಾಗಿ ಸುಮಾರು ಎರಡು ವಾರಗಳಲ್ಲಿ ಅಳಿಯುವುದರಿಂದ, ಈ ನಿರ್ದೇಶನದ ವ್ಯಾಪ್ತಿಗೆ ಬರುವವರು ‘ಲಾಗ್‌ರೊಟೇಟ್’ ಕಡತದಲ್ಲಿ ಆ ಅವಧಿಯನ್ನು ಹೆಚ್ಚಿಸಿ, ಅದಕ್ಕೆ ತಕ್ಕ ಡಿಸ್ಕ್ ಜಾಗವನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ.